ತೊಟ್ಟಿಲ ಹೊಲದ ನಕಲು

ಕುಷ್ಟಗಿಯ ಅಗಸಿ ಬಾಗಿಲಿನಿಂದ ಮೂರನೆಯ ಓಣಿಯಲ್ಲಿ ಹಂಪಣ್ಣನ ಮನೆ. ಹೈದರಾಬಾದು ಸಂಸ್ಥಾನದ ಕಚೇರಿಯ ಉರ್ದೂ ಕಾಗದಗಳಿಗೆ ನಕಲು ತೆಗೆದು ಕೊಡುವುದು ಅವನ ಕಸುಬು. ಇಪ್ಪತ್ತಾರು ವರ್ಷ ಅದೊಂದೇ ಕೆಲಸ ಮಾಡಿ ಬೆನ್ನು ಬಿಲ್ಲಾಗಿತ್ತು. "ಅಸಲಿನಾಗ ನೊಣ ಸತ್ತು ಅಂಟಿದ್ರ ಹಂಪಣ್ಣ ನಕಲಿನಾಗೂ ಒಂದು ನೊಣ ಹೊಡದು ಅಂಟಸ್ತಾನ" ಎಂದು ಕಚೇರಿಯ ಜನ ನಗುತ್ತಿದ್ದರು. ಅವನಿಗೆ ಅದು ಚೇಷ್ಟೆ ಎನ್ನಿಸಿದ್ದೇ ಇಲ್ಲ. ಬಿರುದೆಂದೇ ಹೊತ್ತುಕೊಂಡು ತಿರುಗಿದ್ದ.

ಬಾಗಿಲೊಳಗಿನ ಮಾತು ಬೇರೆ ಇತ್ತು. ಮೂರು ವರ್ಷದಿಂದ ಹಂಪಣ್ಣನ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು-ಕತ್ತಲೆ ಬಿಟ್ಟರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಕಾಲಿಗೆ ರೂಢಿಯಾದ ಹಾದಿ ಹಿಡಿದು ಕಾಗದಗಳನ್ನು ಅವನು ಮನೆಗೆ ತರುವನು. ಬರೆಯುವವಳು ಮಗಳು ಗುರುಲಿಂಗಮ್ಮ. ಚಿಕ್ಕಂದಿನಲ್ಲಿ ಅಪ್ಪನ ಮಗ್ಗುಲಲ್ಲಿ ಕುಳಿತು, ಅವನು ಬರೆದದ್ದರ ಮೇಲೆ ಬೆರಳಾಡಿಸಿ ಕಲಿತ ಅಕ್ಷರ ಅದು. ಕೊನೆಗೆ ಅಪ್ಪನ ಕೈ ಹಿಡಿದು ಸಹಿಯ ಜಾಗದ ಮೇಲೆ ಇಟ್ಟರೆ, ಅವನು ಹಳೆಯ ರೂಢಿಯಲ್ಲಿ ಸರ್ರನೆ ಸಹಿ ಎಳೆಯುವನು. ಕಚೇರಿಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬಂದಿದ್ದರೆ ಮನೆಯ ಒಲೆ ಆರುತ್ತಿತ್ತು.

ಗುರುಲಿಂಗಮ್ಮ ಗಂಡನ ಮನೆಯಿಂದ ತಿರುಗಿ ಬಂದದ್ದೂ ಮೂರು ವರ್ಷದ ಹಿಂದೆಯೇ. ಕೊಟ್ಟ ಊರು ಬಸರಿಪೇಟೆ, ಎಲಬುರ್ಗಿಯ ಹಾದಿಯಲ್ಲಿ ನಾಲ್ಕು ಹರದಾರಿ. ಎರಡು ತಿಂಗಳ ಹೆಣ್ಣುಕೂಸು ಒಂದು ಮುಂಜಾನೆ ಹಾಲು ಕುಡಿಯಲಿಲ್ಲ, ಅಳಲೂ ಇಲ್ಲ. ಸೂಲಗಿತ್ತಿ ಪಕ್ಕೀರವ್ವ ಬಂದು, ಕೂಸನ್ನು ಹಸಿರು ಕುಬಸದ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೊರಟಳು. "ಎಲ್ಲಿಗೆ?" ಎಂದು ಗುರುಲಿಂಗಮ್ಮ ಕೇಳಿದಳು. "ತೊಟ್ಲಕ್ಕ ಹಾಕಿ ಬರ್ತೀನವ್ವಾ" ಎಂದಳು ಪಕ್ಕೀರವ್ವ. ಆ ಕಡೆ ಹಾಗೆಯೇ ಹೇಳುವುದು. ಹೂಳುವುದು, ಮಣ್ಣು, ಗೋರಿ ಎಂಬ ಮಾತು ಕೂಸಿನ ವಿಷಯದಲ್ಲಿ ಬಾಯಿಗೆ ಬರಬಾರದು. ಬಂದರೆ ಮುಂದಿನ ಕೂಸೂ ಆ ಮಾತು ಕೇಳಿಸಿಕೊಂಡು ಬಿಡುತ್ತದಂತೆ. ಎಲ್ಲಿ ಹಾಕಿದರು ಎಂದು ತಾಯಿಗೆ ಹೇಳುವಂತಿಲ್ಲ, ತಾಯಿ ಕೇಳುವಂತಿಲ್ಲ. ಕೂಸು ಹೋದ ಮೇಲೆ ತವರಿಗೆ ಕಳಿಸಿದ ಅತ್ತೆ ಮತ್ತೆ ಕರೆಯಲು ಯಾರನ್ನೂ ಅಟ್ಟಲಿಲ್ಲ.

ಫಸಲಿ ಸಾವಿರದ ಮುನ್ನೂರ ನಲವತ್ತೇಳು, ಎಂದರೆ ಇಂಗ್ರೇಜಿ ಲೆಕ್ಕದಲ್ಲಿ ಮೂವತ್ತೆಂಟನೆಯ ಇಸವಿ. ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತ್ತು. ಹಂಪಣ್ಣ ತಂದ ಕಟ್ಟಿನಲ್ಲಿ ಗಿರದಾವರನ ಒಂದು ವರದಿಯಿತ್ತು. ಊರೂರು ತಿರುಗಿ ಹೊಲಗಳನ್ನು ನೋಡಿ ಬರೆಯುವ ಅಧಿಕಾರಿ ಅವನು. ಬಸರಿಪೇಟೆಯ ಊರ ಆಡಳಿತದ ಕಮಿಟಿ ಯಾವುದೋ ಪರವಾನಗಿಗಾಗಿ ಆ ವರದಿಯ ನಕಲು ಕೇಳಿತ್ತು.

ಊರಿನ ಹೆಸರು ಕಂಡು ಗುರುಲಿಂಗಮ್ಮನ ಕಲಮು ಅರೆಗಳಿಗೆ ನಿಂತಿತು. ಆಮೇಲೆ ಮುಂದಕ್ಕೆ ಹೋಯಿತು. ಸರ್ವೆ ನಂಬರು ನೂರ ಹದಿನೇಳು, ಊರಿನ ಮೂಡಲಿಗೆ. ಬೇಲಿ ಇಲ್ಲ, ಬಾವಿ ಇಲ್ಲ, ಬೆಳೆ ಇಲ್ಲ. ಊರ ಹೆಂಗಸರನ್ನು ಕೇಳಲಾಗಿ 'ಇಲ್ಲಿ ಏನೂ ಇಲ್ಲ' ಎಂದರು. ಜಮೀನು...

ಜಮೀನು ಏನು ಎಂಬ ಕಡೆಯ ಶಬ್ದಕ್ಕೆ ಚುಕ್ಕಿ ಇರಲಿಲ್ಲ.

ಅದು ಹೊಸದೇನಲ್ಲ. ಕಚೇರಿಯ ಹಳೆಯ ಕೈಗಳು ಉರ್ದೂವನ್ನು ಓಡಿಸಿ ಬರೆಯುವಾಗ ಚುಕ್ಕಿ ಇಡುವುದಿಲ್ಲ, ಓದುವವನು ತಿಳಿದುಕೊಳ್ಳಬೇಕು. ನಕಲು ಬರೆಯುವವನೇ ಚುಕ್ಕಿ ತುಂಬಿ ಕೊಡುವುದು ರೂಢಿ. ಮೊದಲ ಅಕ್ಷರದ ಕೆಳಗೆ ಒಂದು ಚುಕ್ಕಿ ಇಟ್ಟರೆ ಅದು 'ಬ'. ಶಬ್ದ 'ಬಂಜರ್' ಆಗುತ್ತದೆ: ಬರಡು ನೆಲ. ಬೆಳೆ ಇಲ್ಲದ ಹೊಲಕ್ಕೆ ಬರಡು ಎನ್ನದೆ ಇನ್ನೇನು ಎನ್ನುತ್ತಾರೆ? ಗುರುಲಿಂಗಮ್ಮ ಒಂದು ಚುಕ್ಕಿ ಇಟ್ಟಳು. ಅಪ್ಪನ ಕೈ ಹಿಡಿದು ಸಹಿ ಮಾಡಿಸಿದಳು. ನಕಲು ಹೋಯಿತು.

ತಿಂಗಳೊಪ್ಪತ್ತಿನಲ್ಲಿ ಅದೇ ವರದಿಗೆ ಇನ್ನೊಂದು ನಕಲು ಬೇಕೆಂದು ಅರ್ಜಿ ಬಂತು. ಈ ಸಲ ಕೇಳಿದವರು ಯಾರೋ ವಕೀಲರು. ಅಸಲು ಮತ್ತೆ ಮನೆಗೆ ಬಂತು. ನಡುಮಧ್ಯಾಹ್ನ, ಹಂಪಣ್ಣ ಉಂಡು ಮಲಗಿದ್ದ. ಓಣಿಯಲ್ಲಿ ನಾಯಿ ಕೂಡ ಮಿಸುಕುತ್ತಿರಲಿಲ್ಲ. ಗುರುಲಿಂಗಮ್ಮ ಆ ಕಡೆಯ ಶಬ್ದಕ್ಕೆ ಬಂದಾಗ ತಲೆಯ ಮೇಲೆ ಸದ್ದಾಯಿತು.

ಕಿರ್ರ್... ಕಿರ್ರ್...

ಪಡಸಾಲೆಯ ತೊಲೆಗೆ ಒಂದು ಕಬ್ಬಿಣದ ಬಳೆ ಬಡಿದಿದ್ದರು. ಗುರುಲಿಂಗಮ್ಮನನ್ನು ತೂಗಿದ ತೊಟ್ಟಿಲು ಒಂದು ಕಾಲಕ್ಕೆ ಅಲ್ಲಿ ತೂಗಾಡಿತ್ತಂತೆ. ಈಗ ಅದರಲ್ಲಿ ಏನೂ ಇಲ್ಲ. ಅವಳು ತಲೆಯೆತ್ತಿದಳು. ಬಳೆ ಸುಮ್ಮನಿತ್ತು. ಗಾಳಿ ಇರಲಿಲ್ಲ. ಬಾವಿಯ ರಾಟಿ ಇರಬೇಕು ಎಂದುಕೊಂಡಳು. ಮಧ್ಯಾಹ್ನದ ಆ ಬಿಸಿಲಲ್ಲಿ ಯಾರು ನೀರು ಸೇದುತ್ತಾರೆ ಎಂದು ಮಾತ್ರ ತನ್ನನ್ನು ಕೇಳಿಕೊಳ್ಳಲಿಲ್ಲ. ಒಂದು ಚುಕ್ಕಿ ಇಟ್ಟಳು. ಒಂದೇ. ಮಸಿಯ ಮೇಲೆ ಮರಳು ಉದುರಿಸಿ, ಜಾಡಿಸಿ, ಮಡಿಚಿಟ್ಟಳು.

ಅಂದಿನಿಂದ ದಿನಾ ಮಧ್ಯಾಹ್ನ ಆ ಸದ್ದು ಬರತೊಡಗಿತು.

ಸುದ್ದಿಯನ್ನು ಮೊದಲು ತಂದವಳು ಪಕ್ಕದ ಮನೆಯ ಇಮಾಮಬೀ. ಕಲಮಿಗೆ ಬೇಕಾದ ಕಡ್ಡಿಗಳನ್ನು ಕೆರೆಯಿಂದ ಕೊಯ್ದು ತಂದು ಕೊಡುವವಳು ಅವಳೇ. ಕಟ್ಟು ಕೆಳಗಿಟ್ಟವಳೇ ಕುಕ್ಕರುಗಾಲಲ್ಲಿ ಕುಳಿತಳು.

"ಕೇಳಿದೇನವ್ವಾ ಗುರುಲಿಂಗವ್ವಾ? ನಿನ್ನ ಗಂಡನ ಊರಾಗ ಕಮಿಟಿಯವರು ಜಿನ್ನಿಗೆ ಪರವಾನಗಿ ಕೊಟ್ಟಾರಂತ. ಯಾ ಅಲ್ಲಾ! ನಮ್ಮಾಗ ಜಿನ್ನು ಹಂಗ ಬರ್ತಾವ, ಹಂಗ ಹೊಕ್ಕೋತಾವ. ಪರವಾನಗಿ ಕೇಳಿ ಬರೂ ಜಿನ್ನು ಇದ ಮೊದಲು ನೋಡವಾ."

ಹಂಪಣ್ಣ ನಕ್ಕು ಕೆಮ್ಮಿದ. "ಅದು ಹತ್ತಿ ಬಿಡಸೂ ಮಷೀನು, ಇಮಾಮಬೀ. ಅದಕ್ಕ ಜಿನ್ನು ಅಂತಾರ."

"ಹತ್ತಿ ಬಿಡಸ್ತೈತೋ ಜೀವಾ ಬಿಡಸ್ತೈತೋ, ಯಾರ ಕಂಡಾರ್ರಿ ಅಣ್ಣಾರ. ಹೆಂಗಸರು ಕೋರ್ಟಿಗೆ ಹೋಗ್ಯಾರಂತ ಕಮಿಟಿ ಮ್ಯಾಲ. ಆ ಹೊಲದಾಗ ಜಿನ್ನು ಕಟ್ಟಬಾರದಂತ."

"ಹೆಂಗಸರು?" ಎಂದ ಹಂಪಣ್ಣ. "ಯಾ ಹೊಲಾ?"

"ಅದನ್ನ ಯಾರೂ ಹೇಳೂದಿಲ್ರಿ. ಕೇಳಿದ್ರ, 'ಅಲ್ಲೇನೂ ಇಲ್ಲವ್ವಾ' ಅಂತಾರ. ಏನೂ ಇಲ್ಲಂದ್ರ ಕೋರ್ಟಿಗೆ ಯಾಕ ಹೋಗ್ತಾರ ಮತ್ತ?"

ಎರಡು ದಿನ ಬಿಟ್ಟು, ಎರಡನೆಯ ನಕಲು ಕೇಳಿದ್ದ ಹೆಂಗಸರ ಪರದ ವಕೀಲ ಅಂದಪ್ಪ ತಾನೇ ಮನೆಗೆ ಬಂದ. ನಲವತ್ತರ ಆಸುಪಾಸಿನ, ಕರೀ ಕೋಟಿನ ತುದಿಗೆ ಯಾವಾಗಲೂ ನಶ್ಯ ಅಂಟಿಸಿಕೊಂಡಿರುವ ಮನುಷ್ಯ. ಅವನ ಹಿಂದೆ ಬಂದ ಮುದುಕಿ ಒಳಗೆ ಕಾಲಿಡದೆ ಕಟ್ಟೆಯ ಕೆಳಗೇ ಕುಳಿತಳು. ಒಳಬಾಗಿಲ ಮರೆಯಿಂದ ನೋಡಿದ ಗುರುಲಿಂಗಮ್ಮನಿಗೆ ಗುರುತು ಹತ್ತಿತು. ಪಕ್ಕೀರವ್ವ.

ಅಂದಪ್ಪ ಎರಡು ಕಾಗದಗಳನ್ನು ಹಂಪಣ್ಣನ ಮುಂದೆ ಹಾಸಿದ. "ಹಂಪಣ್ಣಾರ, ಇವೆರಡೂ ನಿಮ್ಮ ಕೈಯಾಗಿನವು. ಇದು ಕಮಿಟಿಗೆ ಕೊಟ್ಟದ್ದು, ಇದು ನನಗ ಕೊಟ್ಟದ್ದು. ಅವರದರಾಗ ಜಮೀನು 'ಬಂಜರ್' ಅಂತೈತಿ. ನನ್ನದರಾಗ ಮೂರು ಚುಕ್ಕಿ ಅದಾವ್ರಿ. ಮೂರು ಅಂದ್ರ 'ಪ' ಆತು. ಅಂದ್ರ..."

"ಪಂಜರ್," ಎಂದ ಹಂಪಣ್ಣ ಮೆಲ್ಲಗೆ.

"ಹೌದ್ರಿ. ಎಲುಬಿನ ಹಂದರ. ಯಾವ ಹುಚ್ಚ ಗಿರದಾವರ ಹೊಲಕ್ಕ 'ಅಸ್ಥಿಪಂಜರ' ಅಂತ ಬರದಾನ್ರಿ? ಆದ್ರ ನನ್ನ ಪಾಲಿಗೆ ಅವ ದೇವರು. ಎರಡರಾಗ ಖರೇ ಯಾವುದು?"

"ಗಿರದಾವರನ್ನ ಕೇಳ್ರಿ."

"ಅವ ಆ ವರದಿ ಬರದ ವಾರದಾಗ ಜ್ವರಾ ಬಂದು ಹೋದ."

ಹಂಪಣ್ಣ ಕಾಗದದ ಮೇಲೆ ಅಂಗೈ ಸವರಿದ, ಓದುವವನ ಹಾಗೆ. "ನಾ ಎರಡು ಥರ ಬರೆಯಾಂವಲ್ಲ ವಕೀಲರ. ಕೋರ್ಟಿಗೆ ಅಸಲು ತರಸ್ರಿ" ಎಂದ. ಅವನ ದನಿ ಗಟ್ಟಿಯಾಗಿಯೇ ಇತ್ತು.

ಗುರುಲಿಂಗಮ್ಮ ಗೋಡೆಗೆ ಒರಗಿದಳು. ತಾನು ಇಟ್ಟದ್ದು ಒಂದೇ. ಎರಡು ನಕಲಿನಲ್ಲೂ ಒಂದೇ. ತನ್ನ ಉಸಿರಿನಷ್ಟು ಅದು ಅವಳಿಗೆ ನೆನಪಿತ್ತು.

ಅಂದಪ್ಪ ಹೊರಟ ಮೇಲೆ, ತಂಬಿಗೆ ನೀರು ಕೊಡುವ ನೆವದಲ್ಲಿ ಅವಳು ಕಟ್ಟೆಗೆ ಬಂದಳು. ಪಕ್ಕೀರವ್ವ ನೀರನ್ನು ಕುಡಿಯದೆ ಅವಳ ಮುಖವನ್ನೇ ನೋಡಿದಳು.

"ಸೊರಗಿದ್ಯವ್ವಾ. ಹಾಲು ಬತ್ತಿದ ಮ್ಯಾಲ ಹಂಗ ಆಕ್ಕೈತಿ."

"ಆಯೀ, ಆ ಹೊಲಾ ಯಾವುದು?"

"ಏನೂ ಇಲ್ಲ ಅಲ್ಲಿ" ಎಂದಳು ಮುದುಕಿ ತಟ್ಟನೆ. ನಾಲಿಗೆ ರೂಢಿಯಿಂದ ಆಡಿದ ಮಾತು ಅದು. ಆಮೇಲೆ ಸುತ್ತಲೂ ಕಣ್ಣಾಡಿಸಿ, ದನಿ ಇಳಿಸಿದಳು. "ತೊಟ್ಲ ಹೊಲಾ ಅಂತೀವಿ. ನಮ್ಮಜ್ಜಿ ಕಾಲದಿಂದ ಹಾಕ್ಕೋತ ಬಂದದ್ದು. ಒಂದೊಂದಕ್ಕ ಮೂರು ಕಲ್ಲು ಇಡ್ತೀವವ್ವಾ ಕಾಲಕಡೆ. ಒಂದಿಟ್ರ ಉರುಳತೈತಿ, ಎರಡಿಟ್ರ ತೂಗತೈತಿ, ಮೂರಿಟ್ರ ನಿಂದರತೈತಿ. ಆ ಗಿರದಾವರ ಬಂದಾಗ 'ಇದೇನು' ಅಂದ. ಏನಂತ ಹೇಳೂದು? 'ಏನೂ ಇಲ್ರಿ ಸಾಯೇಬ್ರ' ಅಂದ್ವಿ. ಅದನ್ನ ಹಿಡಕೊಂಡು ಕಮಿಟಿಯವರು ಖಾಲಿ ಜಮೀನು ಅಂತ ಬರಕೊಟ್ರು. ನಮ್ಮ ಬಾಯೇ ನಮ್ಮ ಕೂಸುಗಳನ್ನ ತಿಂತು ನೋಡು."

"ನಂದೂ... ಅಲ್ಲೇ ಏನು?"

ಪಕ್ಕೀರವ್ವ ತಂಬಿಗೆಯನ್ನು ಎತ್ತಿ ಗಟಗಟ ಕುಡಿದು, ಉಳಿದ ನೀರನ್ನು ನೆಲಕ್ಕೆ ಮೂರು ಕಡೆ ಹನಿಸಿ ಎದ್ದುಹೋದಳು. ಬಾಯಿ ತಿಂದದ್ದಲ್ಲ, ಗುರುಲಿಂಗಮ್ಮನಿಗೆ ಗೊತ್ತಿತ್ತು. ಕಮಿಟಿಯವರು ನಂಬಿದ್ದು ಕಾಗದವನ್ನು; ಕಾಗದದಲ್ಲಿ ಇದ್ದದ್ದು ತಾನಿಟ್ಟ ಒಂದು ಚುಕ್ಕಿ.

ಮೊದಲ ದಿನದ ಕೋರ್ಟಿಗೆ ಕಡ್ಡಿ ಮಾರುವ ನೆವ ಹೇಳಿ ಇಮಾಮಬೀ ಹೋಗಿಬಂದಳು. ಬಂದವಳು ನಗಲಿಲ್ಲ.

"ಅಸಲು ತಗದ್ರವ್ವಾ. ಇಡೀ ಕಾಗದದಾಗ ಒಂದು ಚುಕ್ಕಿ ಇಲ್ಲ. ಮುನಸೀಫ ಸಾಹೇಬ್ರು ಕನ್ನಡಕ ಹಾಕ್ಕೊಂಡು ನೋಡಿದ್ರು, ತಗದು ನೋಡಿದ್ರು. ಹಂಗಂದ್ರ ಅದು ಬಂಜರೂ ಹೌದು, ಪಂಜರೂ ಹೌದು. ಆಮ್ಯಾಲ ಕಮಿಟಿ ವಕೀಲ ಎದ್ದು ಪಕ್ಕೀರವ್ವಗ ಕೇಳಿದ: 'ಅಲ್ಲಿ ಗೋರಿ ಅದಾವೇನು?' ಮುದುಕಿ 'ಇಲ್ಲ' ಅಂದ್ಲು. 'ಹೆಣಾ ಹುಗದೀರೇನು?' 'ಶಿವಶಿವಾ, ಇಲ್ರಿ!' ಕೋರ್ಟೆಲ್ಲಾ ನಕ್ಕಬಿಡ್ತು. 'ಹಂಗಾರ ಅಲ್ಲೇನೈತಿ?' ಅಂದ್ರ 'ತೊಟ್ಲ ಅದಾವ್ರಿ' ಅಂತಾಳ. 'ತೊಟ್ಲದಾಗ ಯಾರದಾರ?' ಬಾಯೇ ಬಿಡಲಿಲ್ಲ ನೋಡು."

"ಮುಂದ?"

"ಆ ವಕೀಲ ಭಾಳ ಶಾಣ್ಯಾ. 'ಹುಜೂರ್, ಮಾತು ಯಾಕ? ಗುದ್ದಲಿ ಹಾಕಿ ನೋಡೂಣು. ಎಲುಬು ಸಿಕ್ಕರ ಪಂಜರ್, ಇಲ್ಲಂದ್ರ ಬಂಜರ್' ಅಂದ. ಸೋಮವಾರ ಎಲ್ಲಾರೂ ಹೊಲಕ್ಕ ಹೋಗ್ತಾರ. ನಿಮ್ಮಪ್ಪಗೂ ಬರಬೇಕಂತ ಹುಕುಂ ಆಗೈತಿ, ಎರಡು ನಕಲು ಎರಡು ಥರಾ ಯಾಕಾದವು ಅಂತ ಹೇಳಾಕ."

ಆ ಮಧ್ಯಾಹ್ನ ತೊಲೆಯ ಸದ್ದು ಬಿರುಸಾಗಿ ಬಂತು, ಅಳುವ ಕೂಸನ್ನು ಗಡಿಬಿಡಿಯಲ್ಲಿ ತೂಗಿದಂತೆ. ಹಂಪಣ್ಣನೂ ತಲೆಯೆತ್ತಿದ.

"ಗುರುಲಿಂಗೀ, ಏನದು?"

"ರಾಟಿ, ಯಪ್ಪಾ."

"ಬಾವ್ಯಾಗ ನೀರ ಇಲ್ಲ ಈಗ" ಎಂದ ಹಂಪಣ್ಣ.

ಸೋಮವಾರ ನಸುಕಿನಲ್ಲೇ ಗಾಡಿ ಹೂಡಿದರು. ಕಣ್ಣು ಕಾಣದ ಅಪ್ಪನ ಕೈ ಹಿಡಿಯಲು ಒಬ್ಬರು ಬೇಕಲ್ಲ, ಗುರುಲಿಂಗಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹತ್ತಿದಳು. ಎರಡು ಹರದಾರಿ ಹೋದ ಮೇಲೆ ಬಾಯಿ ಬಿಟ್ಟಳು.

"ಯಪ್ಪಾ, ಮೂರು ಚುಕ್ಕಿ ನಾ ಇಟ್ಟದ್ದಲ್ಲ."

"ಗೊತ್ತೈತಿ."

"ಒಂದ ಚುಕ್ಕಿ ನಾ ಇಟ್ಟದ್ದು."

"ಅದೂ ಗೊತ್ತೈತಿ. ನಾನೂ ಆಗಿದ್ರ ಒಂದ ಇಡತಿದ್ದೆ."

"ನೀವೇನು ಹೇಳ್ತೀರಿ ಅಲ್ಲಿ?"

"ಮೂರು ಅಂದ್ರ ಅಗೀತಾರ. ಒಂದು ಅಂದ್ರ ಜಿನ್ನು ಕಟ್ತಾರ. ನಾ ಏನು ಹೇಳಲಿ ಮಗಳ?"

"ಅಸಲಿನಾಗ ಚುಕ್ಕಿ ಇರಲಿಲ್ಲ. ನಾವು ಏನು ಬರೀಬೇಕಿತ್ತು?"

"ಹಂಗ ಬಿಡಬೇಕಿತ್ತು" ಎಂದ ಹಂಪಣ್ಣ. "ಅಸಲಿನಾಗ ನೊಣ ಇಲ್ಲಂದ್ರ ನಕಲಿನಾಗ ಅಂಟಸಬಾರದು. ಇಪ್ಪತ್ತಾರು ವರ್ಷ ಅದನ್ನ ಹೇಳ್ಕೋತ ತಿರುಗಿದೆ, ಮನ್ಯಾಗ ಮಾತ್ರ ಮರತೆ."

ತೊಟ್ಟಿಲ ಹೊಲ ಕಂಡಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಗುರುಲಿಂಗಮ್ಮ ಅದನ್ನು ನೋಡಿದ್ದು ಅದೇ ಮೊದಲು. ಕಾಲಕಡೆಗೆ ಮೂರು ಮೂರು ಕಲ್ಲುಗಳಿರುವ ಸಾಲು ಸಾಲು ಪುಟ್ಟ ದಿಬ್ಬಗಳು ಕಾಣುತ್ತವೆಂದು ಅವಳು ಅಂದುಕೊಂಡು ಬಂದಿದ್ದಳು. ಅಲ್ಲಿ ಒಂದೂ ಇರಲಿಲ್ಲ. ಹಿಂದಿನ ದಿನ ಯಾರೋ ಕಲ್ಲುಗಳನ್ನೆಲ್ಲ ಗಾಡಿಗೆ ತುಂಬಿ ಸಾಗಿಸಿ, ಕುಂಟೆ ಹೊಡೆದು, ನೆಲವನ್ನು ಅಂಗಳದಂತೆ ಮಾಡಿಬಿಟ್ಟಿದ್ದರು. ಕುಂಟೆಯ ಗೆರೆಗಳು ರೂಳು ಎಳೆದ ಕಾಗದದ ಹಾಗೆ ಆ ತುದಿಯಿಂದ ಈ ತುದಿಗೆ ಹಾಸಿದ್ದವು. ಹಕ್ಕಿಯೊಂದೂ ಇಳಿದಿರಲಿಲ್ಲ. ನಲವತ್ತು ಐವತ್ತು ಹೆಂಗಸರು ಬದುವಿನ ಮೇಲೆ ಕುಳಿತಿದ್ದರು. ಒಬ್ಬರೂ ಹೊಲದೊಳಗೆ ಕಾಲಿಟ್ಟಿರಲಿಲ್ಲ.

ಹೊಲದೊಳಗೇ, ಬದುವಿಗೆ ಹತ್ತಿರದ ಬೇವಿನ ಗಿಡದ ಕೆಳಗೆ ಮುನಸೀಫ ಸಾಹೇಬರಿಗೆ ಮೇಜು ಹಾಕಿದ್ದರು. ಹೈದರಾಬಾದಿನ ಕಡೆಯ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಕಮಿಟಿಯ ವಕೀಲ ನೆಲದ ಕಡೆ ಕೈ ಬೀಸಿ, "ನೋಡಿ ಹುಜೂರ್, ಇದಕ್ಕಿಂತ ಬಂಜರ್ ಇನ್ನೆಲ್ಲಿದೆ?" ಎಂದು ಉರ್ದೂವಿನಲ್ಲಿ ನಕ್ಕ. ಗುದ್ದಲಿ ಹಿಡಿದ ಇಬ್ಬರು ಅವನ ಹಿಂದೆ ನಿಂತಿದ್ದರು.

"ಎಲ್ಲಿ ಅಗೆಯಬೇಕು?" ಎಂದರು ಸಾಹೇಬರು.

ಅಂದಪ್ಪ ಪಕ್ಕೀರವ್ವನ ಕಡೆ ನೋಡಿದ. "ಆಯೀ, ತೋರಸ್ತೀಯೇನು? ಕಲ್ಲ ಒಯ್ದಾರ. ನಿನಗ ಗುರುತು ಐತೇನು?"

ಮುದುಕಿ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೊಲಕ್ಕೆ ಇಳಿದಳು. ಹೆಜ್ಜೆ ಎಣಿಸಲಿಲ್ಲ, ಕೆಳಗೆ ನೋಡಲೂ ಇಲ್ಲ. ಮನೆಯೊಳಗೆ ಕತ್ತಲೆಯಲ್ಲಿ ಓಡಾಡುವವರಂತೆ ನಡೆದು, ಒಂದು ಕಡೆ ನಿಂತಳು.

"ದುರಗಮ್ಮಂದು."

ಬದುವಿನ ಮೇಲೆ ಕುಳಿತ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕೀರವ್ವ ಎರಡು ಹೆಜ್ಜೆ ಸರಿದಳು. "ಹುಲಗಮ್ಮಂದು. ಇದೂ ಹುಲಗಮ್ಮಂದ, ಎರಡನೇದು." ಮತ್ತೆ ನಾಲ್ಕು ಹೆಜ್ಜೆ. "ಹೊಳಿಯಮ್ಮಂದು." ಇಪ್ಪತ್ತು ಹೆಸರು, ಮೂವತ್ತು ಹೆಸರು. ಅವಳು ಒಂದೊಂದು ಕಡೆ ನಿಂತು ಸರಿದಾಗಲೂ ಹೆಜ್ಜೆಯ ಗುರುತು ಕುಂಟೆಯ ಗೆರೆಯ ಕೆಳಗೆ ಚುಕ್ಕಿಗಳ ಹಾಗೆ ಉಳಿಯುತ್ತಿತ್ತು. ನೆತ್ತಿಯ ಬಿಸಿಲಿಗೆ ಅವಳ ನೆರಳು ಎಲ್ಲಿಯೂ ಬೀಳುತ್ತಿರಲಿಲ್ಲ. ಕಡೆಗೆ ಬೇವಿನ ಗಿಡಕ್ಕೆ ತೀರ ಹತ್ತಿರ ಬಂದು ನಿಂತಳು. ಈ ಸಲ ಹೆಸರು ಹೇಳಲಿಲ್ಲ. ಗುರುಲಿಂಗಮ್ಮನ ಕಡೆ ನೋಡಿದಳು, ಅಷ್ಟೇ.

ತಾಯಿಗೆ ತೋರಿಸಬಾರದು. ತೋರಿಸಿಬಿಟ್ಟಿದ್ದಳು.

"ಇಲ್ಲೇ ಸರಿ, ನೆರಳಿದೆ" ಎಂದ ಕಮಿಟಿಯ ವಕೀಲ. "ಅಗೀರಿ."

ಗುದ್ದಲಿಯವನು ಅಂಗೈಗೆ ಉಗುಳಿ ಉಜ್ಜಿಕೊಂಡ.

ಗುರುಲಿಂಗಮ್ಮ ಜೀವಮಾನದಲ್ಲಿ ನಾಲ್ಕು ಜನರ ನಡುವೆ ಬಾಯಿ ತೆರೆದವಳಲ್ಲ. ಅಪ್ಪನ ಕೈ ಬಿಟ್ಟದ್ದೂ ಅವಳಿಗೆ ತಿಳಿಯಲಿಲ್ಲ. ಮೇಜಿನ ಮುಂದೆ ನಿಂತಿದ್ದಾಗ ತನ್ನ ದನಿ ತನಗೇ ಕೇಳಿಸಿತು, ಉರ್ದೂವಿನಲ್ಲಿ.

"ಹುಜೂರ್, ಆ ಎರಡೂ ನಕಲು ಬರೆದವಳು ನಾನು. ನನ್ನ ತಂದೆಗೆ ಮೂರು ವರ್ಷದಿಂದ ಕಣ್ಣು ಕಾಣುವುದಿಲ್ಲ. ಅಸಲಿನಲ್ಲಿ ಚುಕ್ಕಿ ಇರಲಿಲ್ಲ. ಬಂಜರ್ ಎಂದು ಗಿರದಾವರ ಬರೆದದ್ದಲ್ಲ, ನಾನು ತಿಳಿದುಕೊಂಡದ್ದು. ಕಮಿಟಿಯವರು ಪರವಾನಗಿ ಕೊಟ್ಟದ್ದು ನನ್ನ ಊಹೆಯ ಮೇಲೆ. ಅಗೆಯುವುದಾದರೆ ನನ್ನ ಚುಕ್ಕಿಯನ್ನು ಅಗೆಯಿರಿ, ನೆಲವನ್ನಲ್ಲ."

ಗಿಡದ ಎಲೆ ಅಲುಗಲಿಲ್ಲ. ಕಮಿಟಿಯ ವಕೀಲ ಮೊದಲು ಚೇತರಿಸಿಕೊಂಡ. "ಹುಜೂರ್, ಹೆಂಗಸು! ಹಳ್ಳಿಯ ಹೆಂಗಸು ಕಚೇರಿಯ ಬರಹ ಬರೆಯುತ್ತಾಳೆಯೆ? ಕಲಿಸಿ ತಂದ ನಾಟಕ ಇದು."

ಸಾಹೇಬರು ಒಂದು ಬಿಳೀ ಹಾಳೆ ತೆಗೆದು, ಅದರ ಎರಡೂ ಮಗ್ಗುಲನ್ನು ತಿರುವಿ ನೋಡಿ, ಅವಳ ಮುಂದೆ ಸರಿಸಿದರು. ಕಲಮು ಕೊಟ್ಟರು. "ಆ ಶಬ್ದ ಬರೆ. ಅಸಲಿನಲ್ಲಿದ್ದಂತೆ. ಚುಕ್ಕಿ ಬೇಡ."

ಅವಳು ಬರೆದಳು. ಒಂದು ಹಲ್ಲು, ಇನ್ನೊಂದು ಹಲ್ಲು, ಒಂದು ಹೊಟ್ಟೆ, ಒಂದು ಬಾಲ. ಒಂದೇ ಎಳೆತ. ಕಲಮನ್ನು ಎತ್ತಿ, ದೌತಿಯ ಪಕ್ಕಕ್ಕೆ ಇಟ್ಟು, ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆಗ ಎಲ್ಲಿಂದಲೋ ಒಂದು ಸಲ, ಒಂದೇ ಸಲ, ಕಿರ್ರ್ ಎಂದಿತು. ಬದುವಿನ ಹೆಂಗಸರೆಲ್ಲ ಒಟ್ಟಿಗೆ ಬೇವಿನ ಗಿಡದ ಕಡೆ ತಿರುಗಿದರು.

ಸಾಹೇಬರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಎರಡು ನಕಲುಗಳ ಮಗ್ಗುಲಲ್ಲಿ ಇಟ್ಟರು. ಕೈ ಒಂದೇ ಎಂಬುದು ಕಣ್ಣಿದ್ದ ಯಾರಿಗೂ ಕಾಣುವಂತಿತ್ತು. ಆಮೇಲೆ ಅವರ ಹುಬ್ಬು ಗಂಟಾಯಿತು.

"ಚುಕ್ಕಿ ಬೇಡ ಅಂದೆ."

"ಇಟ್ಟಿಲ್ಲ ಹುಜೂರ್."

ಸಾಹೇಬರು ಹೆಬ್ಬೆರಳಿನಿಂದ ಶಬ್ದವನ್ನು ಮುಟ್ಟಿದರು. ಅಕ್ಷರ ಕದಡಿ ಬೆರಳಿಗೆ ಮಸಿ ಹತ್ತಿತು. ಅದರ ಕೆಳಗೆ ಮುಟ್ಟಿದರು. ಅಲ್ಲಿಯದು ಹತ್ತಲಿಲ್ಲ. ಅಕ್ಷರ ಇನ್ನೂ ಹಸಿ ಇತ್ತು; ಅದರ ಕೆಳಗಿನ ಮೂರು ಚುಕ್ಕಿಗಳು ಬಹಳ ದಿನದ ಹಿಂದೆಯೇ ಒಣಗಿದ್ದವು.

ಅವರು ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ನಾಲ್ಕಾಗಿ ಮಡಿಚಿ ಕಡತದ ತಳಕ್ಕೆ ಸೇರಿಸಿದರು. ಮೇಜಿನ ಕೆಳಗೆ ತಮ್ಮ ಬೂಟುಗಳಿದ್ದ ನೆಲವನ್ನು ನೋಡಿದರು. ಎದ್ದು, ಕುರ್ಚಿಯನ್ನು ತಾವೇ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು, ಬದುವಿನ ಮೇಲೆ ಕುಳಿತರು. ಗುದ್ದಲಿಯವರಿಗೆ ಕೈಸನ್ನೆಯಿಂದ ಹೋಗಿ ಎಂದರು.

ಆಜ್ಞೆಯನ್ನು ಅಲ್ಲಿಯೇ ಹೇಳಿ ಬರೆಯಿಸಿದರು. ಕಮಿಟಿಯವರು ಹೊಲವನ್ನು ಕಣ್ಣಾರೆ ನೋಡಿಲ್ಲ, ಒಂದು ನಕಲನ್ನು ನಂಬಿದ್ದಾರೆ. ಆ ನಕಲು ಅಸಲಿಗೆ ಹೊಂದುವುದಿಲ್ಲ. ಅಸಲಿನಲ್ಲಿ ಇಲ್ಲದ ಚುಕ್ಕಿಯ ಮೇಲೆ ಕಾರಖಾನೆ ಕಟ್ಟಲಾಗದು. ಪರವಾನಗಿ ರದ್ದು. ಒಯ್ದ ಕಲ್ಲುಗಳನ್ನು ಒಯ್ದವರೇ ತಂದು ಹಾಕಬೇಕು, ನೆಲಕ್ಕೆ ಗುದ್ದಲಿ ಮುಟ್ಟಿಸಕೂಡದು. ಕಡೆಯದಾಗಿ, ನಕಲನವೀಸ ಹಂಪಣ್ಣನನ್ನು ಇಂದಿನಿಂದ ಕೆಲಸದಿಂದ ಬಿಡಿಸಲಾಗಿದೆ. ಕಡೆಯ ಸಾಲನ್ನು ಬರೆಯಿಸುವಾಗ ಅವರು ಅವಳ ಮುಖ ನೋಡಲಿಲ್ಲ.

ಅಂದಪ್ಪ ನಶ್ಯದ ಡಬ್ಬಿ ತೆರೆದು, ಏರಿಸದೆ ಮುಚ್ಚಿದ. "ಗೆದ್ವಿ ತಂಗೀ" ಎಂದ. ಗೆದ್ದವರ ದನಿಯಾಗಿರಲಿಲ್ಲ ಅದು. ಪಕ್ಕೀರವ್ವ ಮಾತ್ರ ಗುರುಲಿಂಗಮ್ಮನ ಹತ್ತಿರ ಬಂದು ಕಿವಿಯಲ್ಲಿ, "ಇನ್ನ ನೋಡಬ್ಯಾಡ. ಮರತುಬಿಡು ಎಲ್ಲೈತಿ ಅಂತ" ಎಂದಳು.

ತಿರುಗಿ ಬರುವಾಗ ಗಾಡಿಯಲ್ಲಿ ಹಂಪಣ್ಣನೇ ಮೊದಲು ಮಾತಾಡಿದ.

"ನಿನ್ನ ಅಕ್ಷರ ಅಂತ ಎಲ್ಲಾರ ಮುಂದ ಹೇಳಿದಿ."

"ಹೇಳಿದೆ ಯಪ್ಪಾ. ನಿಮ್ಮ ಕೆಲಸಾ ಹೋತು."

"ಹೋಗಲೇಳು. ಮೂರು ವರ್ಷ ಕಚೇರ್ಯಾಗ 'ಹಂಪಣ್ಣನ ಕೈ ಮೊದಲಿಗಿಂತ ಛಲೋ ಆಗೈತಿ' ಅಂತಿದ್ರು. ಒಳಗ ಉರೀತಿತ್ತು ನನಗ." ಮಗಳ ದನಿಯ ಕಡೆ ತಿರುಗಿ, "ಸಾಹೇಬ್ರು ಆ ಹಾಳ್ಯಾಗ ಏನ ನೋಡಿದ್ರು?" ಎಂದ.

"ಹೇಳಲಿಲ್ಲ."

"ನೀ ಎಷ್ಟು ಇಟ್ಟಿದ್ದಿ?"

"ಒಂದೂ ಇಡಲಿಲ್ಲ."

ಹಂಪಣ್ಣ ತಲೆಯಾಡಿಸಿದ.

ಮರುದಿನ ಅಡಿಗೆಮನೆಯ ಕೆಲಸ ಮುಗಿಸಿ, ರೂಢಿಯಂತೆ ಗುರುಲಿಂಗಮ್ಮ ಪಡಸಾಲೆಯಲ್ಲಿ ಹಲಗೆಯ ಮುಂದೆ ಕುಳಿತಳು. ಬರೆಯಲು ಕಾಗದವಿರಲಿಲ್ಲ. ಇಮಾಮಬೀ ತಂದಿಟ್ಟ ಕಡ್ಡಿಗಳ ಕಟ್ಟು ಮೂಲೆಯಲ್ಲಿ ಹಾಗೆಯೇ ಇತ್ತು. ಬಿಸಿಲು ಹೊಸ್ತಿಲು ದಾಟಿ, ಪಡಸಾಲೆಯ ನಡುವಿಗೆ ಬಂದು ನಿಂತಿತು. ಅದು ಬರುವ ಹೊತ್ತು.

ಅವಳು ತೊಲೆಯ ಬಳೆಯನ್ನೇ ನೋಡುತ್ತ ಕಾದಳು. ಬಿಸಿಲು ಗೋಡೆ ಏರಿತು. ಅಪ್ಪ ಎದ್ದು ನೀರು ಕೇಳಿದ. ಓಣಿಯಲ್ಲಿ ಎಮ್ಮೆಗಳು ತಿರುಗಿ ಬಂದವು. ಕೈ ತನ್ನಷ್ಟಕ್ಕೆ ಮೇಲೆದ್ದು, ಇಲ್ಲದ ಹಗ್ಗವನ್ನು ಹಿಡಿದು, ಎರಡು ಸಲ ಮೆಲ್ಲಗೆ ಎಳೆದದ್ದನ್ನು ಅವಳು ಆಮೇಲೆ ಕಂಡಳು.

ಸದ್ದು ಬರಲಿಲ್ಲ.